ಶಾಲೆಯ ಸಪೋರ್ಟ್ ಸಿಬ್ಬಂದಿಯನ್ನು ಗೌರವಿಸುವುದು ಹೇಗೆ? ಅಮೆರಿಕದ ಕನ್ನಡ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: ಟೀಚರಿಗೆ ಏನು ಕೊಡೋಣ? ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಿಗ್ಗೆ ಮಗುವನ್ನು ಬಸ್ಸಿಗೆ ಹತ್ತಿಸಿಕೊಂಡವರು, ಮಧ್ಯಾಹ್ನ ಊಟ ಕೊಟ್ಟವರು, ವಾಂತಿ ಮಾಡಿಕೊಂಡಾಗ ಒರೆಸಿದವರು, ನಿಮಗೆ ಫೋನ್ ಮಾಡಿ ಹೇಳಿದವರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಅವರಿಗೂ ಏನಾದರೂ ಮಾಡಬೇಕು ಅಂತ ಮನಸ್ಸಿರುವವರು ಬಹಳ ಜನ ಇದ್ದಾರೆ. ದಾರಿ ಗೊತ್ತಿರುವುದಿಲ್ಲ, ಅಷ್ಟೇ. ಅವರಿಗಾಗಿ ಈ ಪ್ರಶ್ನೋತ್ತರ.

ಸಪೋರ್ಟ್ ಸಿಬ್ಬಂದಿ ಎಂದರೆ ಯಾರೆಲ್ಲ?

ಬಸ್ ಡ್ರೈವರ್, ಕ್ಯಾಫೆಟೇರಿಯಾದವರು, ಶಾಲೆಯನ್ನು ಸ್ವಚ್ಛವಾಗಿಡುವ ಕಸ್ಟೋಡಿಯನ್, ಫ್ರಂಟ್ ಆಫೀಸಿನ ಸೆಕ್ರೆಟರಿ, ಹಾಜರಾತಿ ನೋಡುವ ಕ್ಲರ್ಕ್, ಕ್ಲಾಸಿನಲ್ಲಿ ಮಕ್ಕಳ ಪಕ್ಕ ಕೂತು ಸಹಾಯ ಮಾಡುವ ಪ್ಯಾರಾಗಳು, ಲೈಬ್ರರಿ ಸಹಾಯಕರು, ರಿಪೇರಿ ಮಾಡುವ ಎಲೆಕ್ಟ್ರಿಷಿಯನ್, ಪ್ಲಂಬರ್, ಕಂಪ್ಯೂಟರ್ ನೋಡಿಕೊಳ್ಳುವವರು, ಸೆಕ್ಯುರಿಟಿ, ಆಟದ ಮೈದಾನದಲ್ಲಿ ಕಾವಲಿರುವವರು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಇವರನ್ನು ಒಟ್ಟಾಗಿ 'ಕ್ಲಾಸಿಫೈಡ್' ನೌಕರರು ಅನ್ನುತ್ತಾರೆ. ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಹುಡುಕುವಾಗ ಈ ಹೆಸರು ಗೊತ್ತಿದ್ದರೆ ಬೇಗ ಸಿಗುತ್ತದೆ.

ಅಮೆರಿಕದ ಪಬ್ಲಿಕ್ ಶಾಲೆಗಳಲ್ಲಿ ಕೆಲಸ ಮಾಡುವವರಲ್ಲಿ ಸುಮಾರು ಅರ್ಧದಷ್ಟು ಜನ ಟೀಚರುಗಳಲ್ಲ. ಅಂದರೆ ನಾವು ಹೆಸರು ಹಿಡಿದು ಗುರುತಿಸುವುದು ಅರ್ಧ ಶಾಲೆಯನ್ನು ಮಾತ್ರ.

ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ನಮ್ಮ ಜಿಲ್ಲೆಯಂತೆಯೇ?

ಅಲ್ಲ. ಅದು ಶಾಲೆಗಳನ್ನು ನಡೆಸುವುದಕ್ಕಾಗಿಯೇ ಇರುವ ಸ್ಥಳೀಯ ಸಂಸ್ಥೆ. ದೇಶದಲ್ಲಿ ಇಂಥವು 13 ಸಾವಿರಕ್ಕೂ ಹೆಚ್ಚು ಇವೆ. ಹವಾಯಿಯಲ್ಲಿ ಮಾತ್ರ ಇಡೀ ರಾಜ್ಯಕ್ಕೆ ಒಂದೇ. ಹೆಚ್ಚಿನ ಕಡೆ ಜನ ಆರಿಸಿದ ಸ್ಕೂಲ್ ಬೋರ್ಡ್ ಇರುತ್ತದೆ, ಅದರ ಕೆಳಗೆ ಸೂಪರಿಂಟೆಂಡೆಂಟ್ ಇರುತ್ತಾರೆ. ಪ್ರಶಸ್ತಿ, ಸನ್ಮಾನ, ಉಡುಗೊರೆ ಇವುಗಳ ನಿಯಮ ಒಂದೊಂದು ಡಿಸ್ಟ್ರಿಕ್ಟಿನಲ್ಲಿ ಒಂದೊಂದು ಥರ. ಹಾಗಾಗಿ ಪಕ್ಕದ ಊರಿನ ಗೆಳತಿ ಹೇಳಿದ್ದು ನಿಮ್ಮ ಶಾಲೆಗೆ ಹೊಂದಬೇಕೆಂದೇನಿಲ್ಲ.

ಇವರಿಗಾಗಿ ಗೊತ್ತುಮಾಡಿದ ದಿನಗಳು ಇವೆಯಾ?

ಇವೆ, ಸಾಕಷ್ಟು. ಹೆಚ್ಚಿನವು ಯಾರಿಗೂ ಗೊತ್ತಾಗದೆ ಕಳೆದುಹೋಗುತ್ತವೆ.

ಕ್ಯಾಲಿಫೋರ್ನಿಯಾದಲ್ಲಿ ಮೇ ತಿಂಗಳ ಮೂರನೇ ಪೂರ್ಣ ವಾರ ಕ್ಲಾಸಿಫೈಡ್ ಸ್ಕೂಲ್ ಎಂಪ್ಲಾಯೀ ವೀಕ್. 1986ರಿಂದ ನಡೆದು ಬಂದಿದೆ. ಟೀಚರುಗಳ ವಾರ ಮೇ ತಿಂಗಳ ಮೊದಲ ಪೂರ್ಣ ವಾರ. ಅಲ್ಲಿ ಸುಸ್ತಾದ ಪಿಟಿಎ (ಪೋಷಕರು ಮತ್ತು ಟೀಚರುಗಳ ಸಂಘ) ಹದಿನೈದು ದಿನದಲ್ಲಿ ಮತ್ತೆ ಎದ್ದು ನಿಲ್ಲಬೇಕು. ತೊಂದರೆ ಶುರುವಾಗುವುದೇ ಇಲ್ಲಿ. ವರ್ಷದ ಮೊದಲಲ್ಲೇ ಎರಡೂ ವಾರಕ್ಕೆ ಹಣ ಮತ್ತು ಜನ ಹಂಚಿಡುವುದು ಒಳ್ಳೆಯದು.

ದೇಶದ ಮಟ್ಟದಲ್ಲಿ ನವೆಂಬರಿನ ಅಮೆರಿಕನ್ ಎಜುಕೇಷನ್ ವೀಕ್ ಇದೆ. ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ವಾರ ಬರುತ್ತದೆ, ಅದರ ಬುಧವಾರವನ್ನು ಸಪೋರ್ಟ್ ಸಿಬ್ಬಂದಿಗಾಗಿ ಇಟ್ಟಿದ್ದಾರೆ. ಮೇ ತಿಂಗಳ ಮೊದಲ ಶುಕ್ರವಾರ ಸ್ಕೂಲ್ ಲಂಚ್ ಹೀರೋ ಡೇ, 2013ರಲ್ಲಿ ಶುರುವಾದದ್ದು. ಸ್ಕೂಲ್ ನರ್ಸ್ ಡೇ 1972ರಿಂದ ಇದೆ, ಮೇ 6ರಿಂದ 12ರವರೆಗಿನ ನರ್ಸುಗಳ ವಾರದ ಬುಧವಾರ ಬರುತ್ತದೆ. ಆಫೀಸಿನವರಿಗೆ ಏಪ್ರಿಲ್ ಕೊನೆಯ ಪೂರ್ಣ ವಾರದ ಬುಧವಾರ. ಕಸ್ಟೋಡಿಯನ್‌ಗಳಿಗೆ ಅಕ್ಟೋಬರ್ 2. ಬಸ್ ಡ್ರೈವರುಗಳನ್ನು ನೆನೆಯಲು ಅಕ್ಟೋಬರಿನ ಮೂರನೇ ಪೂರ್ಣ ವಾರದ ಸ್ಕೂಲ್ ಬಸ್ ಸೇಫ್ಟಿ ವೀಕ್ ಒಳ್ಳೆಯ ಸಂದರ್ಭ.

ಇಷ್ಟನ್ನೂ ಆಚರಿಸಲು ಹೋಗಬೇಡಿ. ನಿಮ್ಮ ಶಾಲೆಯಿಂದ ಆಗುವಷ್ಟನ್ನು ಆರಿಸಿಕೊಂಡು ಚೆನ್ನಾಗಿ ಮಾಡಿ.

ಪಾರ್ಟಿ ಇಟ್ಟರೆ ಸಾಕಲ್ವಾ?

ಇದಕ್ಕೆ ಸ್ವಲ್ಪ ಉದ್ದಕ್ಕೆ ಉತ್ತರ ಹೇಳಬೇಕು.

ಶಾಲೆಯಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಊಟ ಇಡುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಫೆಟೇರಿಯಾದವರು ನೂರಾರು ಮಕ್ಕಳಿಗೆ ಬಡಿಸುತ್ತಿರುತ್ತಾರೆ. ಬಸ್ ಡ್ರೈವರುಗಳು ಬೆಳಗಿನ ಪಾಳಿ ಮುಗಿಸಿ ಹೋಗಿರುತ್ತಾರೆ, ಮತ್ತೆ ಬರುವುದು ಶಾಲೆ ಬಿಡುವ ಹೊತ್ತಿಗೆ. ರಾತ್ರಿ ಪಾಳಿಯ ಕಸ್ಟೋಡಿಯನ್ ಇನ್ನೂ ಬಂದಿರುವುದೇ ಇಲ್ಲ. ಪ್ಯಾರಾಗಳು ತಾವು ನೋಡಿಕೊಳ್ಳುವ ಮಗುವಿನ ಜೊತೆ ಊಟದ ಹಾಲಿನಲ್ಲೋ ಮೈದಾನದಲ್ಲೋ ಇರುತ್ತಾರೆ. ಆಫೀಸಿನಲ್ಲಿ ಫೋನ್ ಎತ್ತಲು ಯಾರಾದರೂ ಇರಲೇಬೇಕು. ಹಾಗಾದರೆ ಆ ಊಟಕ್ಕೆ ಬಂದವರು ಯಾರು? ಎಷ್ಟೋ ಸಲ ಟೀಚರುಗಳು ಮತ್ತು ಪಿಟಿಎ ಸದಸ್ಯರು. ಮುಗಿದ ಮೇಲೆ ಟೇಬಲ್ ಮಡಚಿ, ಕಸ ಎತ್ತುವವರು ಕಸ್ಟೋಡಿಯನ್. ಯಾರ ಹೆಸರಿನಲ್ಲಿ ಊಟ ಇಟ್ಟೆವೋ ಅವರಿಗೇ ಅವತ್ತು ಕೆಲಸ ಜಾಸ್ತಿ ಆಯಿತು.

ಅದಕ್ಕೇ ಹೇಳುವುದು, ಮೊದಲು ಪಾಳಿಗಳ ಪಟ್ಟಿ ಮಾಡಿ. ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಬಿಡುವು ಯಾವಾಗ ಎಂದು ಶಾಲೆಯ ಸೆಕ್ರೆಟರಿಯನ್ನು ಕೇಳಿದರೆ ಹೇಳುತ್ತಾರೆ. ಬಸ್ಸಿನವರಿಗೆ ಬೆಳಿಗ್ಗೆ ಬಸ್ ನಿಲ್ಲಿಸುವ ಯಾರ್ಡಿಗೇ ಕಾಫಿ, ತಿಂಡಿ ಒಯ್ಯಬಹುದು. ಅಡುಗೆಯವರಿಗೆ ಬಡಿಸುವ ಕೆಲಸ ಮುಗಿದ ಮೇಲೆ. ರಾತ್ರಿ ಪಾಳಿಯವರಿಗೆ ಸಂಜೆ, ಬಿಸಿ ಊಟವನ್ನೇ. ಹಗಲು ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಟ್ಟು 'ನಿಮಗೆ' ಎಂದು ಚೀಟಿ ಅಂಟಿಸುವುದಕ್ಕಿಂತ ಏನೂ ಕೊಡದಿರುವುದೇ ಮೇಲು. ಎಲ್ಲ ಮುಗಿದ ಮೇಲೆ ಕಸ ಎತ್ತುವುದು ಪೋಷಕರ ಕೆಲಸ. ಅದನ್ನು ಯಾರಿಗೂ ಬಿಡಬೇಡಿ.

ಸನ್ಮಾನ ಕಾರ್ಯಕ್ರಮ ಸಂಜೆ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು. ಆದರೆ ಇವರಲ್ಲಿ ಬಹಳ ಜನ ಗಂಟೆ ಲೆಕ್ಕದ ಸಂಬಳದವರು. ಕೆಲಸದ ಹೊತ್ತಿನ ಹೊರಗೆ ಬರಲೇಬೇಕು ಎಂದು ಡಿಸ್ಟ್ರಿಕ್ಟ್ ಹೇಳಿದರೆ, ಆ ಹೊತ್ತಿಗೆ ಕೂಲಿ ಕೊಡಬೇಕಾಗುತ್ತದೆ. ಅದು ಫೆಡರಲ್ ಕಾರ್ಮಿಕ ಕಾನೂನು. ಬರುವುದು ಬಿಡುವುದು ಅವರ ಇಷ್ಟ ಎಂದರೆ ಮಾತು ಬೇರೆ. ಆಗಲೂ ಒಂದು ವಿಷಯ ಯೋಚಿಸಿ. ಸಂಜೆ ಎರಡನೇ ಕೆಲಸಕ್ಕೆ ಹೋಗುವವರು ಇವರಲ್ಲಿದ್ದಾರೆ. ಆದಷ್ಟೂ ಕೆಲಸದ ಹೊತ್ತಿನೊಳಗೆ, ಬದಲಿ ಜನರನ್ನು ಇಟ್ಟು ಮಾಡಿಸಲು ಪ್ರಿನ್ಸಿಪಾಲರನ್ನು ಒಪ್ಪಿಸಿ.

ಗಿಫ್ಟ್ ಕಾರ್ಡ್ ಕೊಡಬಹುದೇ?

ಯಾರು ಕೊಡುತ್ತಿದ್ದಾರೆ ಎಂಬುದರ ಮೇಲಿದೆ. ಕೆಲಸ ಕೊಟ್ಟವರು, ಅಂದರೆ ಡಿಸ್ಟ್ರಿಕ್ಟ್, ನೌಕರರಿಗೆ ಕೊಡುವ ಗಿಫ್ಟ್ ಕಾರ್ಡನ್ನು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ನಗದು ಎಂದೇ ಎಣಿಸುತ್ತದೆ. ಮೊತ್ತ ಎಷ್ಟೇ ಚಿಕ್ಕದಿರಲಿ, ಅದು ಸಂಬಳಕ್ಕೆ ಸೇರುತ್ತದೆ, ತೆರಿಗೆ ಬೀಳುತ್ತದೆ. ಒಂದು ಹೂಗುಚ್ಛ, ಒಂದು ಮಗ್, ಯಾವಾಗಲಾದರೊಮ್ಮೆ ಊಟ, ಇಂಥ ಸಣ್ಣ ವಸ್ತುಗಳಿಗೆ ಆ ತೊಂದರೆ ಇಲ್ಲ.

ದೀರ್ಘ ಸೇವೆಗೆ ಡಿಸ್ಟ್ರಿಕ್ಟ್ ಕೊಡುವ ಗಡಿಯಾರ, ಫಲಕದಂಥ ವಸ್ತುಗಳಿಗೆ ಬೇರೆ ನಿಯಮ ಇದೆ. ಕನಿಷ್ಠ 5 ವರ್ಷ ಸೇವೆ ಆಗಿರಬೇಕು, ಬೆಲೆ ಒಂದು ಮಿತಿಯೊಳಗೆ ಇರಬೇಕು, ಸಭೆಯಲ್ಲಿ ಗೌರವದಿಂದ ಕೊಟ್ಟದ್ದಾಗಿರಬೇಕು. ಆಗ ತೆರಿಗೆ ಇರುವುದಿಲ್ಲ. ಕೈಯಲ್ಲಿ ಹಿಡಿಯುವ ವಸ್ತುವೇ ಆಗಬೇಕು. ನಗದು, ಗಿಫ್ಟ್ ಕಾರ್ಡ್, ನಾಟಕದ ಟಿಕೆಟ್, ಪ್ರವಾಸ ಇವು ಈ ಲೆಕ್ಕಕ್ಕೆ ಬರುವುದಿಲ್ಲ.

ಪೋಷಕರು ಕೈಯಾರೆ ಕೊಡುವುದಕ್ಕೆ ಡಿಸ್ಟ್ರಿಕ್ಟಿನ ಉಡುಗೊರೆ ನಿಯಮ ಅನ್ವಯಿಸುತ್ತದೆ. ಎಷ್ಟರವರೆಗೆ ತೆಗೆದುಕೊಳ್ಳಬಹುದು ಎಂಬ ಮಿತಿ ಇರಬಹುದು. ಮೊದಲೇ ಕೇಳಿ. ಕೊಟ್ಟ ಮೇಲೆ ಅವರು ವಾಪಸ್ ಮಾಡಬೇಕಾಗಿ ಬಂದರೆ ಇಬ್ಬರಿಗೂ ಮುಜುಗರ.

ಡಿಸ್ಟ್ರಿಕ್ಟ್ ತಾನೇ ನಗದು ಬಹುಮಾನ ಕೊಡಬಹುದಲ್ಲ?

ಕೆಲವು ಕಡೆ ಕೊಡಬಹುದು. ಕ್ಯಾಲಿಫೋರ್ನಿಯಾದ ಶಿಕ್ಷಣ ಕಾನೂನಿನ 44015ನೇ ಸೆಕ್ಷನ್ ಪ್ರಕಾರ ಬೋರ್ಡು ಒಳ್ಳೆಯ ಕೆಲಸ ಮಾಡಿದ ನೌಕರರಿಗೆ ಬಹುಮಾನ ಕೊಡಬಹುದು. ಆದರೆ ಮೊದಲು ಅದಕ್ಕೆ ನಿಯಮ ಮಾಡಿಕೊಂಡಿರಬೇಕು, 200 ಡಾಲರ್ ದಾಟಿದರೆ ಬೋರ್ಡಿನ ವಿಶೇಷ ಒಪ್ಪಿಗೆ ಬೇಕು. ಜನರ ತೆರಿಗೆ ಹಣವನ್ನು ಯಾರಿಗೂ ಸುಮ್ನೆ ಕೊಡುವಂತಿಲ್ಲ, ಹಾಗಾಗಿ ಇಷ್ಟು ಬಿಗಿ. ನಿಮ್ಮ ಡಿಸ್ಟ್ರಿಕ್ಟಿನಲ್ಲಿ ಅಂಥ ನಿಯಮವೇ ಇಲ್ಲದಿದ್ದರೆ, ಮಾಡಿ ಎಂದು ಬೋರ್ಡನ್ನು ಕೇಳುವ ಹಕ್ಕು ನಿಮಗಿದೆ.

ರಾಜ್ಯ, ದೇಶದ ಮಟ್ಟದ ಪ್ರಶಸ್ತಿಗಳಿಗೆ ಹೆಸರು ಕಳಿಸುವುದು ಹೇಗೆ?

ದೇಶದ ಮಟ್ಟದಲ್ಲಿ ರೈಸ್ ಅವಾರ್ಡ್ ಇದೆ. 2019ರಲ್ಲಿ ಇಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಕಾನೂನು ಮಾಡಿ ಇದನ್ನು ತಂದಿತು. ಪ್ರತಿ ರಾಜ್ಯದ ಗವರ್ನರ್ ಇಬ್ಬರವರೆಗೆ ಹೆಸರು ಕಳಿಸಬಹುದು, ಅವರಲ್ಲಿ ಒಬ್ಬರನ್ನು ಶಿಕ್ಷಣ ಇಲಾಖೆಯ ಸೆಕ್ರೆಟರಿ ಆರಿಸುತ್ತಾರೆ. ಪೋಷಕರು ನೇರವಾಗಿ ವಾಷಿಂಗ್ಟನ್ನಿಗೆ ಕಳಿಸಲು ಆಗುವುದಿಲ್ಲ. ರಾಜ್ಯದ ಮೂಲಕವೇ ಹೋಗಬೇಕು, ಅಲ್ಲಿಗೆ ಹೆಸರು ಕಳಿಸುವ ದಾರಿ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ರಾಜ್ಯಮಟ್ಟದ ಪ್ರಶಸ್ತಿಯೂ ಇದೆ. ನೌಕರರ ಯೂನಿಯನ್‌ಗಳೂ ತಮ್ಮದೇ ಪ್ರಶಸ್ತಿ ಕೊಡುತ್ತವೆ, ಅಲ್ಲಿಗೆ ಸಾಮಾನ್ಯವಾಗಿ ಸದಸ್ಯರ ಹೆಸರು ಮಾತ್ರ ಹೋಗುತ್ತದೆ.

ಕೊನೆಯ ದಿನಾಂಕ ಮುಗಿದಮೇಲೆ ಎಚ್ಚರಾಗುವುದೇ ಹೆಚ್ಚು. ಶಾಲೆ ಶುರುವಾದ ಕೂಡಲೇ ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ ದಿನಾಂಕ ಕೇಳಿಟ್ಟುಕೊಳ್ಳಿ.

ನಾಮಿನೇಷನ್ ಪತ್ರ ಹೇಗೆ ಬರೆಯುವುದು?

ಎಲ್ಲಕ್ಕಿಂತ ಬೆಲೆಯುಳ್ಳ ಕೆಲಸ ಇದು ಅಂತ ನನ್ನ ನಂಬಿಕೆ. ಪತ್ರಕ್ಕೆ ಖರ್ಚಿಲ್ಲ, ನೌಕರರ ಫೈಲಿಗೆ ಸೇರಿಸಿದರೆ ಅಲ್ಲೇ ಉಳಿಯುತ್ತದೆ, ಬಡ್ತಿಗೆ ಅರ್ಜಿ ಹಾಕಿದಾಗ ಕೆಲಸಕ್ಕೆ ಬರುತ್ತದೆ.

'ಯಾವಾಗಲೂ ನಗುತ್ತಿರುತ್ತಾರೆ, ಬಹಳ ಒಳ್ಳೆಯವರು' ಎಂಬ ಪತ್ರ ಯಾರ ಬಗ್ಗೆ ಬೇಕಾದರೂ ಬರೆಯಬಹುದು. ಆರಿಸುವವರ ಮುಂದೆ ಅಂಥ ಪತ್ರಗಳು ರಾಶಿ ಇರುತ್ತವೆ. ನೀವು ಕಂಡದ್ದನ್ನು ಬರೆಯಿರಿ. ಅವರು ಏನು ಮಾಡಿದರು, ಯಾವಾಗ ಮಾಡಿದರು, ಅದರಿಂದ ಮಗುವಿಗೆ ಏನಾಯಿತು. ಉದಾಹರಣೆಗೆ ಹೀಗೆ: 'ನಮ್ಮ ಮಗಳಿಗೆ ಆಗ ಇಂಗ್ಲಿಷ್ ಬರುತ್ತಿರಲಿಲ್ಲ. ಅವಳು ಮಾಂಸ ತಿನ್ನುವುದಿಲ್ಲ ಎಂದು ಗೊತ್ತಾದ ದಿನದಿಂದ ಕ್ಯಾಫೆಟೇರಿಯಾದ ಇವರು ಪ್ರತಿದಿನ ಸಾಲಿನಲ್ಲಿ ಅವಳಿಗೆ ಕೈಸನ್ನೆ ಮಾಡಿ ತೋರಿಸುತ್ತಿದ್ದರು, ಇದು ಬೇಡ, ಅದು ತಗೋ. ಡಿಸೆಂಬರ್ ಹೊತ್ತಿಗೆ ಅವಳೇ ಮಾತಾಡಿ ಕೇಳುವಂತಾದಳು.' ಇಷ್ಟು ಸಾಕು. ಇದನ್ನು ಓದಿದವರಿಗೆ ಆ ಮನುಷ್ಯರು ಕಣ್ಣಿಗೆ ಕಟ್ಟುತ್ತಾರೆ.

ಅವರ ಕೆಲಸ ಎಂಥದ್ದು ಎಂಬುದನ್ನೂ ಎರಡು ಸಾಲು ತಿಳಿದುಕೊಂಡು ಬರೆದರೆ ಪತ್ರಕ್ಕೆ ತೂಕ ಬರುತ್ತದೆ. ಸ್ಕೂಲ್ ಬಸ್ ಓಡಿಸಲು ಸಾಮಾನ್ಯ ಲೈಸೆನ್ಸ್ ಸಾಲದು. ಕಮರ್ಷಿಯಲ್ ಲೈಸೆನ್ಸ್ ಬೇಕು, ಪ್ರಯಾಣಿಕರಿಗೊಂದು, ಸ್ಕೂಲ್ ಬಸ್ಸಿಗೊಂದು ಎಂದು ಬೇರೆ ಬೇರೆ ಅನುಮತಿ ಬೇಕು. ಹೊರಡುವ ಮುಂಚೆ ಬ್ರೇಕು, ದೀಪ, ಟೈರು, ಎಮರ್ಜೆನ್ಸಿ ಬಾಗಿಲು ಎಲ್ಲ ನೋಡಬೇಕು. ರೈಲ್ವೆ ಗೇಟಿನ ಮುಂದೆ ನಿಲ್ಲಿಸಿ, ಕಿವಿಗೊಟ್ಟು ಕೇಳಿ ಮುಂದೆ ಹೋಗಬೇಕು. ಕೊನೆಯ ಸ್ಟಾಪಿನ ನಂತರ ಬಸ್ಸಿನ ಹಿಂಬದಿಯವರೆಗೂ ನಡೆದು ಯಾವುದಾದರೂ ಮಗು ನಿದ್ದೆ ಹೋಗಿದೆಯಾ ಎಂದು ಪ್ರತಿ ಸೀಟು ನೋಡಬೇಕು. ಇದರ ನಡುವೆ ಬಸ್ ಓಡಿಸುವುದು ಹತ್ತಾರು ಮಕ್ಕಳು ಬೆನ್ನ ಹಿಂದೆ ಕಿರುಚುತ್ತಿರುವಾಗ.

ಕ್ಯಾಫೆಟೇರಿಯಾವೂ ಅಷ್ಟೇ. 1946ರ ನ್ಯಾಷನಲ್ ಸ್ಕೂಲ್ ಲಂಚ್ ಕಾನೂನಿನಿಂದ ಶುರುವಾದ ಕಾರ್ಯಕ್ರಮ ಈಗ ದಿನಕ್ಕೆ ಸುಮಾರು 3 ಕೋಟಿ ಮಕ್ಕಳಿಗೆ ಊಟ ಕೊಡುತ್ತದೆ. ತಟ್ಟೆಯಲ್ಲಿ ಏನೇನು ಎಷ್ಟೆಷ್ಟು ಇರಬೇಕು ಎಂಬುದಕ್ಕೆ ನಿಯಮ ಇದೆ. ಹಣ್ಣೋ ತರಕಾರಿಯೋ ಅರ್ಧ ಕಪ್ ತಟ್ಟೆಗೆ ಬಿದ್ದಿತೇ ಎಂದು ಸಾಲಿನ ಕೊನೆಯಲ್ಲಿ ನಿಂತವರು ಕಣ್ಣಲ್ಲೇ ಲೆಕ್ಕ ಹಾಕುತ್ತಾರೆ. ಯಾವ ಮಗುವಿಗೆ ಕಡಲೆಬೀಜ ಆಗುವುದಿಲ್ಲ ಎಂಬುದೂ ಅವರ ತಲೆಯಲ್ಲಿ ಇರಬೇಕು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಟೀಚರುಗಳು ಮನೆಯಿಂದ ಪಾಠ ಮಾಡಿದರು. ಎಷ್ಟೋ ಡಿಸ್ಟ್ರಿಕ್ಟುಗಳಲ್ಲಿ ಅಡುಗೆಯವರು ಮಾತ್ರ ಕೆಲಸಕ್ಕೆ ಬಂದರು. ಊಟ ಕಟ್ಟಿದರು, ಬಸ್ಸಿನವರು ಅದನ್ನು ಬೀದಿ ಬೀದಿಗೆ ಒಯ್ದು ಕೊಟ್ಟರು.

ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ. ಬರೆಯಬಹುದೇ?

ಖಂಡಿತ ಬರೆಯಿರಿ. ಸಣ್ಣ ಸಣ್ಣ ವಾಕ್ಯ ಸಾಕು. ಮಕ್ಕಳಿಂದ ತಿದ್ದಿಸಿಕೊಳ್ಳಬಹುದು. ಎಐ ಕೈಲಿ ಬರೆಸಿದರೆ ಪತ್ರ ನಯವಾಗುತ್ತದೆ, ಆದರೆ ನೀವು ಕಂಡ ಆ ಒಂದು ಸಂಗತಿ ಎಲ್ಲೋ ಮುಳುಗಿಹೋಗುತ್ತದೆ. ಅದನ್ನು ಕಳೆದುಕೊಳ್ಳಬೇಡಿ.

ಮಗುವಿನ ಪ್ಯಾರಾ ಬಗ್ಗೆ ಬರೆಯುವಾಗ ಎಚ್ಚರ ಬೇಕೇ?

ಬೇಕು. ವಿಶೇಷ ಅಗತ್ಯವಿರುವ ಮಕ್ಕಳ ಜೊತೆ ದಿನವಿಡೀ ಇರುವವರು ಪ್ಯಾರಾಗಳು. ಊಟ ಮಾಡಿಸುವುದು, ಡಯಾಪರ್ ಬದಲಿಸುವುದು, ಮಗು ಸಿಟ್ಟಿನಲ್ಲಿ ಹೊಡೆದರೆ ತಡೆದುಕೊಂಡು ಸಮಾಧಾನ ಮಾಡುವುದು, ಅದೇ ಅಕ್ಷರವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿಕೊಡುವುದು, ಎಲ್ಲ ಇವರದೇ. ತಮ್ಮ ಕೆಲಸದ ಬಗ್ಗೆ ಇವರು ಹೊರಗೆ ಮಾತಾಡುವಂತಿಲ್ಲ. ಮಗುವಿನ ಗುಟ್ಟು ಕಾಯುವುದು ಅವರ ಕರ್ತವ್ಯ. ಹಾಗಾಗಿ ಅವರ ಪರವಾಗಿ ಮಾತಾಡಬಲ್ಲವರು ನೀವೇ, ತಂದೆ ತಾಯಿ.

ನಿಮ್ಮ ಮಗುವಿನ ವಿಷಯ ಎಷ್ಟು ಹೇಳಬೇಕೆಂಬುದು ನಿಮಗೆ ಬಿಟ್ಟದ್ದು. ಮಗು ದೊಡ್ಡದಾದ ಮೇಲೆ ಓದಿದರೆ ನೋವಾಗದಂತೆ ಬರೆಯಿರಿ. ಬೇರೆಯವರ ಮಕ್ಕಳ ಹೆಸರು, ಕಾಯಿಲೆ, ನಡವಳಿಕೆ ಯಾವುದೂ ಬರಬಾರದು. ಸಭೆಯಲ್ಲಿ ತೆಗೆದ ಫೋಟೋದಲ್ಲಿ ಬೇರೆ ಮಕ್ಕಳಿದ್ದರೆ ಎಲ್ಲೂ ಹಾಕಬೇಡಿ.

ಸ್ಕೂಲ್ ಬೋರ್ಡ್ ಸಭೆಯಲ್ಲಿ ಹೋಗಿ ಹೊಗಳಬಹುದೇ?

ಹೋಗಿ. ಸಾರ್ವಜನಿಕರಿಗೆ ಮಾತಾಡಲು ಸಮಯ ಇಡುತ್ತಾರೆ, ಸಾಮಾನ್ಯವಾಗಿ ಎರಡು ಮೂರು ನಿಮಿಷ. ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಹಾಕಲೇಬೇಕು, ನೋಡಿಕೊಂಡು ಹೋಗಬಹುದು. ಬೋರ್ಡಿನವರು ದೂರು ಕೇಳಿ ಕೇಳಿ ಅಭ್ಯಾಸವಾದವರು. ಒಬ್ಬ ಕಸ್ಟೋಡಿಯನ್ ಬಗ್ಗೆ ಎರಡು ನಿಮಿಷ ಒಳ್ಳೆಯ ಮಾತಾಡಿದರೆ ಗಮನಕ್ಕೆ ಬಂದೇ ಬರುತ್ತದೆ. ಸಪೋರ್ಟ್ ಸಿಬ್ಬಂದಿಯ ವಾರವನ್ನು ಅಧಿಕೃತವಾಗಿ ಆಚರಿಸುವ ನಿರ್ಣಯ ಮಾಡಿ ಎಂದೂ ಅಲ್ಲೇ ಕೇಳಬಹುದು.

ಒಂದು ವಿಷಯ. ಮೊದಲು ಆ ನೌಕರರನ್ನು ಕೇಳಿ. ಎಲ್ಲರೆದುರು ಹೆಸರು ಹೇಳಿಸಿಕೊಳ್ಳುವುದು ಎಲ್ಲರಿಗೂ ಇಷ್ಟವಾಗುವುದಿಲ್ಲ.

ನಮ್ಮ ಶಾಲೆಯ ಬಸ್ಸು ಖಾಸಗಿ ಕಂಪನಿಯದು. ಅವರೂ ಬರುತ್ತಾರಾ?

ಡಿಸ್ಟ್ರಿಕ್ಟಿನ ಪ್ರಶಸ್ತಿಗಳಲ್ಲಿ ಬಿಟ್ಟುಹೋಗುವವರು ಇವರೇ. ಬಸ್ಸು, ಊಟ, ಸ್ವಚ್ಛತೆ ಇವನ್ನು ಗುತ್ತಿಗೆಗೆ ಕೊಟ್ಟ ಡಿಸ್ಟ್ರಿಕ್ಟುಗಳು ಬಹಳ ಇವೆ. ಆ ಕೆಲಸಗಾರರು ಲೆಕ್ಕದಲ್ಲಿ ಡಿಸ್ಟ್ರಿಕ್ಟಿನ ನೌಕರರಲ್ಲ. ಬದಲಿಯಾಗಿ ಬಂದು ಹೋಗುವವರ ಪಾಡೂ ಇದೇ. ಮಗುವಿಗೆ ಈ ಲೆಕ್ಕ ಗೊತ್ತಿಲ್ಲ. ಅದಕ್ಕೆ ಅವರು ನಮ್ಮ ಬಸ್ ಡ್ರೈವರ್, ಅಷ್ಟೇ. ಪಿಟಿಎ ಮಾಡುವ ಕಾರ್ಯಕ್ರಮಕ್ಕೆ ಈ ಗೆರೆ ಬೇಕಾಗಿಲ್ಲ, ಎಲ್ಲರನ್ನೂ ಸೇರಿಸಿ. ಕಂಪನಿಯ ಮ್ಯಾನೇಜರಿಗೆ ಪತ್ರ ಬರೆದು, ಅದರ ಪ್ರತಿಯನ್ನು ಡಿಸ್ಟ್ರಿಕ್ಟಿನ ಟ್ರಾನ್ಸ್‌ಪೋರ್ಟೇಷನ್ ವಿಭಾಗಕ್ಕೂ ಕಳಿಸಿ.

ಸಂಬಳವೇ ಕಡಿಮೆ ಇರುವಾಗ ಸನ್ಮಾನದಿಂದ ಏನು ಪ್ರಯೋಜನ?

ನ್ಯಾಯವಾದ ಪ್ರಶ್ನೆ. ಹೂವು ಕೊಟ್ಟು ಬಾಡಿಗೆ ಕಟ್ಟಲಾಗುವುದಿಲ್ಲ. ಇವರಲ್ಲಿ ಬಹಳ ಜನಕ್ಕೆ ವರ್ಷಕ್ಕೆ ಒಂಬತ್ತು ಹತ್ತು ತಿಂಗಳು ಮಾತ್ರ ಕೆಲಸ. ಬೇಸಿಗೆಯಲ್ಲಿ ಸಂಬಳ ಇಲ್ಲ. ಮುಂದಿನ ವರ್ಷ ಕೆಲಸ ಇದೆ ಎಂಬ ಭರವಸೆ ಇದ್ದರೆ ಬೇಸಿಗೆಗೆ ನಿರುದ್ಯೋಗ ಭತ್ಯೆ ಕೊಡುವುದಿಲ್ಲ, ಹೆಚ್ಚಿನ ರಾಜ್ಯಗಳಲ್ಲಿ ಇದೇ ನಿಯಮ. ಮಿನ್ನೆಸೋಟಾ 2023ರಲ್ಲಿ ಕಾನೂನು ಬದಲಿಸಿ ಗಂಟೆ ಲೆಕ್ಕದ ಶಾಲಾ ಕೆಲಸಗಾರರಿಗೆ ಆ ಭತ್ಯೆ ಸಿಗುವಂತೆ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ದಾರಿ ಹಿಡಿದರು. ಅಲ್ಲಿ ಬೇಸಿಗೆ ಸಹಾಯದ ಯೋಜನೆಯೊಂದಿದೆ. ಡಿಸ್ಟ್ರಿಕ್ಟ್ ಆ ಯೋಜನೆಗೆ ಸೇರಿದ್ದರೆ, ನೌಕರರು ತಿಂಗಳ ಸಂಬಳದಲ್ಲಿ ಶೇಕಡಾ 10ರವರೆಗೆ ಎತ್ತಿಡಬಹುದು. ಅದಕ್ಕೆ ರಾಜ್ಯವೂ ಹಣ ಸೇರಿಸಿ ಬೇಸಿಗೆಯಲ್ಲಿ ಕೊಡುತ್ತದೆ.

ನಿಮ್ಮ ಡಿಸ್ಟ್ರಿಕ್ಟ್ ಸೇರಿದೆಯಾ ಎಂದು ಬೋರ್ಡ್ ಸಭೆಯಲ್ಲಿ ಕೇಳುವುದೂ ಗೌರವವೇ. ಬಜೆಟ್ ಕಡಿತದ ಮಾತು ಬಂದಾಗ ಮೊದಲು ಹೋಗುವುದು ಪ್ಯಾರಾಗಳ, ಲೈಬ್ರರಿಯವರ ಗಂಟೆಗಳು. ಆ ಸಭೆಗೆ ಹತ್ತು ಜನ ಪೋಷಕರು ಬಂದು ಕೂತರೆ ಒಂದು ವರ್ಷದ ತಿಂಡಿ ತಟ್ಟೆಗಿಂತ ಹೆಚ್ಚು ಉಪಕಾರ. ಸನ್ಮಾನ ಬೇಡ ಎನ್ನುತ್ತಿಲ್ಲ, ಎರಡೂ ಮಾಡಿ.

ಮನೆ ಅಡುಗೆ ಕೊಂಡೊಯ್ಯಬಹುದೇ?

ಕೆಲವು ಶಾಲೆಗಳಲ್ಲಿ ಮನೆಯಲ್ಲಿ ಮಾಡಿದ್ದು ತರಬಾರದು ಎಂಬ ನಿಯಮ ಇದೆ. ಕೇಳಿಕೊಂಡು ಮಾಡಿ. ಒಯ್ದರೆ ಏನೇನು ಹಾಕಿದೆ ಎಂದು ಚೀಟಿ ಬರೆದಿಡಿ, ಗೋಡಂಬಿ, ತುಪ್ಪ, ಎಳ್ಳು ಎಲ್ಲ. ಖಾರ ಎಷ್ಟಿದೆ ಎಂದೂ ಹೇಳಿ.

ಮಕ್ಕಳು ಏನು ಮಾಡಬಹುದು?

ಹೆಸರು ತಿಳಿದುಕೊಳ್ಳಲಿ. ಇಲ್ಲಿ ಮಕ್ಕಳು ಸಾಮಾನ್ಯವಾಗಿ ಮಿಸ್ ಅಥವಾ ಮಿಸ್ಟರ್ ಸೇರಿಸಿ ಕರೆಯುತ್ತಾರೆ. ಬಸ್ ಇಳಿಯುವಾಗ ಹೆಸರು ಹಿಡಿದು ಥ್ಯಾಂಕ್ಸ್ ಹೇಳಲಿ, ಊಟವಾದ ಮೇಲೆ ತಮ್ಮ ಟೇಬಲ್ ತಾವೇ ಒರೆಸಲಿ. ಕಾರ್ಡ್ ಮಾಡಿಸುವುದಾದರೆ ಒಂದೇ ಸಾಲನ್ನು ಇಡೀ ಕ್ಲಾಸಿನಿಂದ ಬರೆಸಬೇಡಿ. ಮಗುವಿಗೆ ನೆನಪಿರುವುದನ್ನೇ ಬರೆಯಲಿ, ತಪ್ಪು ಸ್ಪೆಲ್ಲಿಂಗ್ ಇದ್ದರೂ ಪರವಾಗಿಲ್ಲ.

ನಾವು ಹೆಸರು ಕಳಿಸಿದವರಿಗೆ ಪ್ರಶಸ್ತಿ ಬರಲಿಲ್ಲ. ಮುಂದೇನು?

ಪತ್ರದ ಪ್ರತಿಯನ್ನು ಅವರ ಕೈಗೇ ಕೊಡಿ. ತಮ್ಮ ಬಗ್ಗೆ ಯಾರೋ ಹೀಗೆ ಬರೆದಿದ್ದಾರೆ ಎಂಬುದೇ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಪ್ರಿನ್ಸಿಪಾಲರಿಗೆ ಒಂದು ಪ್ರತಿ ಕಳಿಸಿ, ಎಚ್‌ಆರ್ ಫೈಲಿಗೆ ಸೇರಿಸಿ ಎಂದು ಬರಹದಲ್ಲೇ ಕೇಳಿ. ಮುಂದಿನ ವರ್ಷ ಇನ್ನಿಬ್ಬರು ಪೋಷಕರನ್ನೂ ಒಬ್ಬ ಟೀಚರನ್ನೂ ಜೊತೆಗೆ ಸೇರಿಸಿಕೊಂಡು ಅದೇ ಹೆಸರನ್ನು ಮತ್ತೆ ಕಳಿಸಿ.